ಹುಳಕ್ಕೆ ಹಚ್ಚಿದ ಸುಣ್ಣ

ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವನು ನಾನು. ಶುರುಮಾಡಿ ಹತ್ತು ವರ್ಷವಾಯಿತು. ನಗುವವರು ನಗಲಿ, ಮಕ್ತಲ್ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ವಾರಿಗೆಯವರು ಆಗಲೇ ಸಾಕಷ್ಟು ನಕ್ಕಿದ್ದಾರೆ. "ಡಾಕ್ಟರ್ ಸಾಬರಿಗೆ ರಿಟೈರ್ ಆದಮ್ಯಾಲ ಅಡಿಗಿಮನಿ ಚಾರ್ಜು ಕೊಟ್ಟಾರ" ಎನ್ನುತ್ತಾರೆ. ನಾನು ಡಾಕ್ಟರನೂ ಅಲ್ಲ, ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವನು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಡುವುದರಲ್ಲಿ ದೊಡ್ಡಸ್ತಿಕೆ ಏನಿದೆ? ಏನೂ ಇಲ್ಲ. ಆದರೆ ನನ್ನ ಹೆಂಡತಿ ಆ ಚಮಚವನ್ನು ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ ಎಂದು ಹೇಳಬೇಕಾದರೆ ಒಂದು ಗೋಸುಂಬೆಗೆ ಊಟ ಹಾಕಿದ ಸಂಗತಿ ಹೇಳಬೇಕು. ಅದರ ಜೊತೆಗೆ ನನ್ನ ಹೇಡಿತನದ್ದೂ.

ಕೈಗುಣ ಎಂಬ ಮಾತಿದೆಯಲ್ಲ, ಆ ಮಾತು ನಮ್ಮ ಮನೆಯನ್ನು ತಿಂದುಹಾಕಿತು. ನನ್ನ ಕೈಗುಣ ಮಾಗನೂರಿನ ತನಕ ಹೆಸರಾಗಿತ್ತು. ಕರು ಹಾಕಿದ ಎಮ್ಮೆ ಒಮ್ಮೊಮ್ಮೆ ಎರಡನೇ ದಿನಕ್ಕೆ ನೆಲ ಹಿಡಿಯುತ್ತದೆ. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ, ಇನ್ನೇನು ಸತ್ತಿತು ಎಂಬಂತೆ ಬಿದ್ದಿರುತ್ತದೆ. ಮೈಯಲ್ಲಿ ಕ್ಯಾಲ್ಷಿಯಂ ಇಳಿದಿರುತ್ತದೆ, ಅಷ್ಟೇ. ಕುತ್ತಿಗೆಯ ನರಕ್ಕೆ ಒಂದು ಬಾಟಲಿ ಏರಿಸಿದರೆ ಅರ್ಧ ತಾಸಿನಲ್ಲಿ ಎದ್ದು ಸೆಗಣಿ ಹಾಕುತ್ತದೆ. ಅದು ಬಾಟಲಿಯ ಗುಣ. ಜನ ಅದನ್ನು ನನ್ನ ಕೈಗೆ ಕಟ್ಟಿದರು, ನಾನೂ ಬೇಡ ಎನ್ನಲಿಲ್ಲ.

ಆ ಜನಕ್ಕೆ ಕ್ಯಾಲ್ಷಿಯಂ ಎಂದರೆ ಏನು ತಿಳಿಯಬೇಕು? "ಸುಣ್ಣ ಕಡಿಮಿ ಆಗೇತಿ" ಎನ್ನುತ್ತಿದ್ದೆ. ತೆಲುಗಿನವರಾದರೆ "ಸುನ್ನಂ ತಗ್ಗಿಂದಿ". ಮೂವತ್ತು ವರ್ಷ ಇದೇ ಮಾತು. ಒಮ್ಮೆ ಮಾಗನೂರು ಕಡೆಯ ಮುದುಕನೊಬ್ಬ ಕೈ ಜೋಡಿಸಿಕೊಂಡು, "ಯಾ ಸುಣ್ಣರೀ ಸಾಬ್, ಗ್ವಾಡಿಗೆ ಬಳಿಯೂದೋ, ಎಲಿಗೆ ಹಚ್ಚೂದೋ?" ಎಂದು ಕೇಳಿದ್ದ. ಅದನ್ನು ಹೋಟೆಲಿನಲ್ಲಿ ಹೇಳಿ ಎಷ್ಟು ಮಂದಿಯನ್ನು ನಗಿಸಿದ್ದೇನೋ! ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಮನೆಯಲ್ಲಿ ನಾನು ಮಾತಾಡುತ್ತಿದ್ದದ್ದೇ ಕಡಿಮೆ.

ಹೆಂಡತಿಯ ಕೈಗೆ ಬಂದ ಹೆಸರು ಬೇರೆ. ಮದುವೆಯಾಗಿ ಬಂದ ವಾರವೇ ಅವಳು ಹೆಪ್ಪು ಹಾಕಿದ ಹಾಲು ಒಡೆಯಿತು. ಬೇಸಗೆಯ ಹಾಲು, ಯಾರು ಹಾಕಿದ್ದರೂ ಒಡೆಯುತ್ತಿತ್ತು. ಆಮೇಲೆ ಅವಳು ನೀರು ಕುಡಿಸಿದ ಕರು ಸತ್ತಿತು, ನೆಟ್ಟ ಬದನೆ ಸಸಿ ಒಣಗಿತು. "ಇಕೀ ಕೈಯಾಗ ಏನೂ ಉಳಿಯಂಗಿಲ್ಲ" ಎಂದು ನಮ್ಮವ್ವ ತೀರ್ಪು ಕೊಟ್ಟಳು. ನಮಗೆ ಮಕ್ಕಳಾಗಲಿಲ್ಲ, ಅದನ್ನೂ ಅದೇ ಕೈಗೆ ಕಟ್ಟಿದಳು. ಬಿತ್ತನೆಯ ದಿನ ಬೀಜದ ಬುಟ್ಟಿ ಮುಟ್ಟುವಂತಿಲ್ಲ. ಓಣಿಯಲ್ಲಿ ತೊಟ್ಟಿಲು ಕಟ್ಟಿದರೆ ಕೂಸನ್ನು ಅವಳ ಕೈಗೆ ಕೊಟ್ಟ ಹಾಗೆ ಮಾಡಿ ಬೇರೆ ಯಾರಾದರೂ ಎತ್ತಿಕೊಳ್ಳುತ್ತಿದ್ದರು. ಅವಳು ಜಗಳ ಆಡಲಿಲ್ಲ, ಅಳಲೂ ಇಲ್ಲ. ಎಲೆ ಅಡಿಕೆ ಹಾಕಿಕೊಂಡು ಕೂರುವುದನ್ನು ಕಲಿತಳು. ಸೊಂಟದಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಯಾವಾಗಲೂ ಇರುತ್ತಿತ್ತು.

ತೆಲುಗು ನಾಡಿನ ನಮ್ಮ ಭಾಗಕ್ಕೆ ಬೇರೆ ರಾಜ್ಯ ಬೇಕೆಂದು ಹೋರಾಟ ಜೋರಾಗಿದ್ದ ದಿನಗಳು. ದವಾಖಾನೆಗೆ ಬೀಗ ಹಾಕಿ ನಾವು ನೌಕರರೂ ರಸ್ತೆಯ ಮೇಲೆ ಕೂತಿದ್ದೆವು. ನಮ್ಮ ಕಡೆಯ ಲೀಡರನೊಬ್ಬ ಮುಂಜಾನೆ ಹೋರಾಟದ ಪರ ಮಾತಾಡಿ ಸಂಜೆಗೆ ಆಚೆ ಪಕ್ಷದ ಗಾಡಿಯಲ್ಲಿ ಕೂತಿದ್ದ. ಅವನ ಬೊಂಬೆ ಸುಡುವುದೆಂದು ಹುಲ್ಲಿನ ಬೊಂಬೆ ಮಾಡಿದರು. ತೆಲುಗಿನಲ್ಲಿ ಅಂಥವರನ್ನು ಊಸರವೆಲ್ಲಿ ಎಂದು ಬೈಯುತ್ತಾರೆ. ಬಾಯಲ್ಲಿ ಬೈದರೆ ಸಾಲದೆಂದು ಯಾರೋ ಜಾಲಿಗಿಡದಿಂದ ನಿಜವಾದ ಗೋಸುಂಬೆಯನ್ನೇ ಹಿಡಿದು ತಂದು, ಮುಂಗಾಲಿಗೆ ಸುತಳಿ ಬಿಗಿದು, ಬೊಂಬೆಯ ಕೊರಳಿಗೆ ನೇತುಹಾಕಿದರು. ಅದು ಗಾಳಿಯಲ್ಲಿ ಕಾಲು ಚಾಚಿ ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ಹುಡುಕುತ್ತಿತ್ತು. ಸೀಮೆಎಣ್ಣೆ ಸುರಿಯಲು ಡಬ್ಬಿಯ ಮುಚ್ಚಳ ತೆಗೆದಿದ್ದರು.

ಅಷ್ಟರಲ್ಲಿ ನನ್ನ ಹೆಂಡತಿ ಗುಂಪಿನೊಳಗೆ ನುಗ್ಗಿದಳು. ಎಲೆ ಅಡಿಕೆ ತರಲು ಅಂಗಡಿಗೆ ಬಂದವಳು. ಸೀದಾ ಹೋಗಿ ಸುತಳಿಯನ್ನು ಹಲ್ಲಿನಿಂದ ಕಡಿದಳು.

"ಏ ಅಕ್ಕಾ, ಮುಟ್ಟಬ್ಯಾಡ್ರಿ! ವಿಷ ಐತಿ ಅದರದು!" ಎಂದ ಒಬ್ಬ.

"ಬಣ್ಣ ಬದಲಿಸಿದ್ದು ನಿಮ್ಮ ಲೀಡರು. ಇದರ ಕಾಲ್ಯಾಕ ಕಟ್ಟೀರಿ? ಅವನ ಕಾಲು ಕಟ್ಟಾಕ ಧೈರ್ಯ ಇಲ್ಲೇನು?" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಎಲ್ಲಿದ್ದೆ? ಅಲ್ಲೇ, ಎರಡನೇ ಸಾಲಿನಲ್ಲಿ. ನನಗೆ ಸಂಬಂಧವಿಲ್ಲ ಎಂಬಂತೆ ಮುಖ ಆ ಕಡೆ ತಿರುಗಿಸಿದ್ದೆ.

ಮನೆಗೆ ಬಂದು ನೋಡಿದರೆ ಮುಂಗಾಲು ಬಾತುಹೋಗಿತ್ತು. ಕಸಬರಿಗೆಯ ಕಡ್ಡಿ ಇಟ್ಟು ಹತ್ತಿ ಸುತ್ತಿ ಕಟ್ಟಿದೆ. "ಇದು ಕಾಡಿನ ಪ್ರಾಣಿ. ಮನ್ಯಾಗ ಇಟ್ಕೊಳ್ಳಂಗಿಲ್ಲ, ಕಾಯ್ದೆ ಐತಿ" ಎಂದೆ. "ಕಾಲು ನೆಟ್ಟಗಾಗಲಿ, ಬಿಡೂಣು" ಎಂದಳು. ಹಿತ್ತಲಿನ ಕರಿಬೇವಿನ ಗಿಡದ ಸುತ್ತ ಹಳೇ ಸೊಳ್ಳೆಪರದೆ ಕಟ್ಟಿ ಅದರೊಳಗೆ ಬಿಟ್ಟಳು. ಕೋಲೂರಿದ ಮುದುಕನ ಹಾಗೆ ಒಂದೊಂದು ಹೆಜ್ಜೆಗೂ ತಡವರಿಸುತ್ತಿದ್ದುದರಿಂದ ಅದನ್ನು ಅಜ್ಜ ಎಂದೇ ಕರೆದಳು.

ಅಜ್ಜನ ಊಟದ ಕ್ರಮ ನಾವಿಬ್ಬರೂ ತಪ್ಪು ಮಾಡಿ ಮಾಡಿ ಕಲಿತದ್ದು. ಮುಂಜಾನೆ ತಣ್ಣಗಿದ್ದಾಗ ಏನು ಕೊಟ್ಟರೂ ತಿನ್ನುತ್ತಿರಲಿಲ್ಲ. ಬಿಸಿಲು ಏರಿ ಮೈ ಕಾಯಬೇಕು, ಕಪ್ಪಗಿದ್ದ ಚರ್ಮ ಹಸಿರಾಗಬೇಕು, ಆಮೇಲೆ ಹಸಿವು. ಬಟ್ಟಲಿನಲ್ಲಿ ನೀರಿಟ್ಟರೆ ಅದಕ್ಕೆ ನೀರೆಂದೇ ತಿಳಿಯುತ್ತಿರಲಿಲ್ಲ. ಎಲೆಯ ಮೇಲೆ ಚಿಮುಕಿಸಿದರೆ ಹನಿ ಹನಿಯಾಗಿ ನೆಕ್ಕುತ್ತಿತ್ತು. ಮಿಡತೆ ದೊಡ್ಡದಿದ್ದರೆ ಹಿಂಗಾಲು ಮುರಿಯಬೇಕು, ಇಲ್ಲದಿದ್ದರೆ ಬಾಯಿ ಗಾಯವಾಗುತ್ತದೆ. ಸತ್ತ ಹುಳ ಮುಟ್ಟುವುದಿಲ್ಲ, ಅಲುಗಾಡಬೇಕು. ಹಿಡಿದು ತಂದ ಮಿಡತೆಗಳನ್ನು ಅವಳು ಕೂಡಲೇ ಕೊಡುತ್ತಿರಲಿಲ್ಲ. ಬೊಗಸೆಯಷ್ಟು ಮೆಂತೆಸೊಪ್ಪು ಹಾಕಿ ಒಂದು ದಿನ ಡಬ್ಬಿಯಲ್ಲಿಟ್ಟು ಮೇಯಿಸುತ್ತಿದ್ದಳು. "ಹಸಿದ ಹುಳ ತಿಂದ್ರ ಅಜ್ಜಗ ಏನು ಹತ್ತತೈತ್ರಿ?" ಎನ್ನುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಓದಿದವರೂ ಇದನ್ನೇ ಹೇಳುತ್ತಾರೆಂದು ನನಗೆ ಬಹಳ ಆಮೇಲೆ ಗೊತ್ತಾಯಿತು.

ಮೊದಲ ಸಲ ಅದು ಅವಳ ಬೆರಳಿನಿಂದ ಮಿಡತೆಯನ್ನು ಎಳೆದುಕೊಂಡ ದಿನ ನೆನಪಿದೆ. ಒಂದು ಕಣ್ಣು ನನ್ನ ಕಡೆ, ಒಂದು ಕಣ್ಣು ಮಿಡತೆಯ ಕಡೆ. ಆಮೇಲೆ ಎರಡೂ ಮಿಡತೆಯ ಮೇಲೆ. ಟಪ್ ಎಂದು ಮೈಗಿಂತ ಉದ್ದದ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತು, ಬೆರಳು ಖಾಲಿ. "ಅಯ್ಯಯ್ಯೋ, ಇವನ ನಾಲಿಗೀಗೆ!" ಎಂದು ಅವಳು ನಕ್ಕ ನಗುವಿಗೆ ಒಳಗಿನಿಂದ ಅವ್ವ ಎದ್ದು ಬಂದಳು.

ಕಾಲು ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಆಗ ಬಿಟ್ಟುಬಿಡಬೇಕಿತ್ತು. "ಇನ್ನೆಂಟು ದಿನ ಇರ್ಲಿ ಬಿಡ್ರಿ" ಎಂದಳು, ಎಂಟು ದಿನಗಳು ಆರು ತಿಂಗಳಾದವು. ನಾನು ಒತ್ತಾಯ ಮಾಡಲಿಲ್ಲ, ಯಾಕೆಂದರೆ ಮನೆಯಲ್ಲಿ ಬೇರೊಂದು ಸಂಗತಿ ನಡೆದಿತ್ತು. ಅವ್ವ ದಿನವೂ ಹಿತ್ತಲಿನಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಸಾಯುತ್ತದೆ, ಇವತ್ತು ಸಾಯುತ್ತದೆ ಎಂದೇ ಕಾದಿದ್ದಳೋ ಏನೋ. ಅದು ಸಾಯಲಿಲ್ಲ, ಮೈ ತುಂಬಿಕೊಂಡಿತು. ಒಂದು ಸಂಜೆ ಅವ್ವ ಅಡಿಗೆಮನೆಯಿಂದ, "ಹಾಲು ಕಾಸೀನಿ. ಹೆಪ್ಪು ನೀನs ಹಾಕವ್ವಾ" ಎಂದಳು.

ಇಪ್ಪತ್ತು ವರ್ಷದ ಮೇಲೆ! ಹೆಂಡತಿ ಕೈ ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ತೊಳೆದಳು. ಮರುದಿನ ಮೊಸರು ಗಟ್ಟಿಯಾಗಿ ಬಂದಿತ್ತು. ಅವ್ವ ಎರಡು ಸಲ ಬಡಿಸಿಕೊಂಡಳು. ಹೆಂಡತಿ ಹಿತ್ತಲಿಗೆ ಹೋಗಿ ಗಿಡದ ಎದುರು ನಿಂತು, "ನೀ ಬದುಕೀಯಂತ ನನ್ನ ಕೈನೂ ಬದುಕಿತು ಅಜ್ಜಾ" ಎಂದದ್ದು ನನ್ನ ಕಿವಿಗೆ ಬಿತ್ತು.

ರಾಜ್ಯವಾಯಿತು. ಬೋರ್ಡುಗಳ ಮೇಲೆ ಹಳೇ ಹೆಸರಿಗೆ ಬಣ್ಣ ಬಳಿದು ಹೊಸ ಹೆಸರು ಬರೆದರು. ಬಡ್ತಿ ಕೊಟ್ಟು ನನ್ನನ್ನು ಗದ್ವಾಲಿಗೆ ಹಾಕಿದರು. ಕೋಟೆಯ ಹಿಂದೆ ಒಂದು ಕೋಣೆ ಹಿಡಿದೆ. ಶನಿವಾರ ಜೂರಾಲ ಅಣೆಕಟ್ಟೆಯ ಮೇಲೆ ಹಾದುಹೋಗುವ ಬಸ್ಸು ಹಿಡಿದು ಮಕ್ತಲಿಗೆ ಬರುವುದು, ಸೋಮವಾರ ತಿರುಗಿ ಹೋಗುವುದು. ಆ ಮಳೆಗಾಲದಲ್ಲಿ ಬೆಕ್ಕೊಂದು ಪರದೆ ಹರಿಯಿತೆಂದು ಹೆಂಡತಿ ಅಜ್ಜನನ್ನು ಅಡಿಗೆಮನೆಯ ಕಿಟಕಿಗೆ ತಂದಳು. ಕರಿಬೇವಿನ ಕೊಂಬೆ ಕಡಿದು ಕೊಡದಲ್ಲಿಟ್ಟು ಅದರ ಮೇಲೆ ಕೂರಿಸಿದಳು. ಕಿಟಕಿ ಉತ್ತರಕ್ಕಿತ್ತು, ಬಿಸಿಲೇ ಬೀಳುತ್ತಿರಲಿಲ್ಲ. ಬಿಸಿಲಿಲ್ಲದಿದ್ದರೆ ತಿಂದದ್ದು ಎಲುಬಿಗೆ ಹತ್ತುವುದಿಲ್ಲ ಎಂದು ಕರುಗಳಿಗೆ ಔಷಧ ಕೊಡುವ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ನೋಡಿದೆ, ಚಹಾ ಕುಡಿದೆ, ಗದ್ವಾಲಿನ ಬಸ್ಸು ಹತ್ತಿದೆ.

ಫೋನು ಬಂದ ಸಂಜೆ ಗದ್ವಾಲಿನಲ್ಲಿ ಮೆರವಣಿಗೆ. ಯಾರದೆಂದರೆ ಅದೇ ಲೀಡರನದು, ಗೋಸುಂಬೆ ಕಟ್ಟಿಸಿಕೊಂಡ ಬೊಂಬೆಯ ಒಡೆಯನದು. ಈಗ ಗೆದ್ದವರ ಪಕ್ಷದಲ್ಲಿದ್ದ. ಹಲಗೆ, ಪಟಾಕಿ, ಗುಲಾಲು. ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದಕ್ಕೆ ಫೋನು ಒತ್ತಿದೆ.

"ಅಜ್ಜನ ಮುಂಗಾಲು ಬಿಲ್ಲಾಗ್ಯಾವ್ರಿ. ಕೊಂಬಿ ಹಿಡಿಯಾಕ ಬರವಲ್ದು, ಬೀಳಾಕತ್ತೇತಿ."

"ಸುಣ್ಣ ಕಡಿಮಿ ಆಗೇತಿ" ಎಂದು ಕೂಗಿದೆ. "ಸುಣ್ಣ ಕೊಡು!"

"ಏನ್ರಿ? ಹೆಂಗ ಕೊಡ್ಲಿ?"

"ಹುಳಕ್ಕ ಹಚ್ಚಿ ಕೊಡು. ದಿನಾ ಹಚ್ಚು."

ಫೋನಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ಗೋಡೆಯ ಮಾಡದಲ್ಲಿದ್ದ ಕ್ಯಾಲ್ಷಿಯಂ ಪುಡಿಯ ಡಬ್ಬಿ, ಕರುಗಳಿಗೆಂದು ನಾನೇ ತಂದಿಟ್ಟದ್ದು. ಚಿಟಿಕೆಯಷ್ಟು ಉದುರಿಸಿದರೆ ಸಾಕು. ಅದರ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ, ಮೂರನೇ ಇಯತ್ತೆ. ಅವಳಿಗೆ ಸುಣ್ಣ ಎಂದರೆ ಒಂದೇ, ಹಚ್ಚುವುದೆಂದರೂ ಒಂದೇ. ಸೊಂಟದಲ್ಲೇ ಇತ್ತು.

ಎರಡು ಶನಿವಾರ ನಾನು ಮನೆಗೆ ಬರಲಾಗಲಿಲ್ಲ. ದನಗಳಿಗೆ ಕಾಲುಬಾಯಿ ಬೇನೆಯ ಸೂಜಿ ಹಾಕುವ ಕೆಲಸ ಬಿತ್ತು. ನಡುವೆ ಒಮ್ಮೆ ಅವಳೇ ಫೋನು ಮಾಡಿದಳು.

"ಅಜ್ಜ ನಾಲಿಗಿ ಬಿಡವಲ್ಲ. ಬಾಯಿ ಮುಚ್ಚಿಕೊಂಡs ಕುಂದರತಾನ."

"ಸುಣ್ಣ ಹಚ್ಚಾಕತ್ತೀಯಿಲ್ಲೋ?"

"ಹಚ್ಚಾಕತ್ತೀನ್ರಿ. ಹೆದರಿಕಿ ಆಗತೈತಿ, ಒಂಚೂರs ಹಚ್ಚತೀನಿ."

"ಹೆದರೂದೇನೈತಿ? ಇನ್ನೊಂದೀಟು ಹಚ್ಚು. ತಾನಾಗಿ ತಿನ್ನದಿದ್ರ ಬಾಯಿ ತೆರೆದು ಒಳಗ ಇಡು."

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಆ ಮಾತನ್ನು ನಾನೇ ಆಡಿದೆ.

ಮೂರನೇ ಶನಿವಾರ ಬಂದಾಗ ಮಧ್ಯಾಹ್ನ. ಚೀಲ ಕೆಳಗಿಡುವ ಮೊದಲೇ ಅವಳು ಕರೆದಳು. ಎಡಗೈಯಲ್ಲಿ ಅಜ್ಜ, ಬಲಗೈಯಲ್ಲಿ ಒಂದು ಮಿಡತೆ. ಮಿಡತೆಯ ಬೆನ್ನ ಮೇಲೆ ಬೆಳ್ಳಗೆ ಒಂದು ಚುಕ್ಕೆ. ಕಟ್ಟೆಯ ಮೇಲೆ ಹಿತ್ತಾಳೆಯ ಡಬ್ಬಿ ತೆರೆದಿತ್ತು.

ಅಯ್ಯೋ, ಆ ಡಬ್ಬಿ! ಎಲೆಗೆ ಒಂದಿಷ್ಟು ಹೆಚ್ಚಾದರೆ ಮನುಷ್ಯರ ನಾಲಿಗೆಯೇ ಸುಟ್ಟು ಬೊಬ್ಬೆ ಏಳುತ್ತದೆ. ಅಜ್ಜನ ಬಾಯಿ ತೆರೆಸಿ ನೋಡಿದೆ. ಒಳಗೆ ಕೆಂಪಗೆ ಹುಣ್ಣು, ಅಲ್ಲಲ್ಲಿ ಬೆಳ್ಳಗೆ ಸುಲಿದ ಚರ್ಮ. ನಾಲಿಗೆ ಬಾತು ಒಂದು ಮಗ್ಗುಲಿಗೆ ಬಿದ್ದಿತ್ತು. ಮಿಡತೆ ಅವಳ ಬೆರಳಿನಲ್ಲಿ ಒದ್ದಾಡುತ್ತಿತ್ತು. ಅಜ್ಜನ ಎರಡೂ ಕಣ್ಣು ಅದರ ಮೇಲೆ ಕೂಡಿದವು. ಹಸಿವು ಇತ್ತು. ಬಾಯಿ ತುಸು ತೆರೆಯಿತು, ಗಂಟಲು ಅಲುಗಿತು, ನಾಲಿಗೆ ಬರಲಿಲ್ಲ.

"ಸಾಕು, ಇವತ್ತ ಬ್ಯಾಡ" ಎಂದು ಮಿಡತೆಯನ್ನು ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆದೆ. ಬಾಯಿಗೆ ತಣ್ಣೀರು ಹನಿಸಿದೆ, ತುಪ್ಪ ಸವರಿದೆ, ಸಕ್ಕರೆ ನೀರು ಬಿಟ್ಟೆ. ಕೈಗುಣ! ಭಾನುವಾರ ಬಿಸಿಲು ಬಿತ್ತು. ಹಿತ್ತಲಿನ ಕರಿಬೇವಿನ ಮೇಲೆ ಕೂರಿಸಿದೆವು. ಊಟದ ಹೊತ್ತಿಗೆ ಕೆಳಗೆ ಬಿದ್ದಿತ್ತು. ಹಸಿರೂ ಅಲ್ಲ, ಕಪ್ಪೂ ಅಲ್ಲ, ಬೂದಿ ಬಣ್ಣ.

ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು, "ಇನ್ನೊಂದೀಟು ಹಚ್ಚಬೇಕಿತ್ತೇನ್ರಿ? ನೀವು ಹೇಳಿದ್ರಿ. ನಾ ಹೆದರಿ ಕಡಿಮಿ ಹಚ್ಚಿದೆ. ಅದಕ್ಕs ಹೋತೇನು?"

ಬಾಗಿಲಲ್ಲಿ ಅವ್ವ ನಿಂತಿದ್ದಳು. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ನಿನ್ನ ಕೈಯದೇನೂ ಇಲ್ಲ, ನಾನು ಹೇಳಿದ ಸುಣ್ಣ ಬೇರೆ, ನನ್ನ ಮಾತೇ ಇದನ್ನು ಕೊಂದದ್ದು ಎಂದು. ನಾನು ಹೇಳಿದ್ದು, "ಹೂಂ."

ಸತ್ಯ ಹೇಳಿದರೆ ತನ್ನ ಕೈಯಾರೆ ಸುಟ್ಟೆನೆಂದು ಕೊರಗುತ್ತಾಳೆ, ಅದಕ್ಕೇ ಮುಚ್ಚಿಟ್ಟೆ ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಸುಳ್ಳು. ಮಾಗನೂರಿನ ತನಕ ಹೆಸರಾದವನು ಒಂದು ಹುಳ ತಿನ್ನುವ ಪ್ರಾಣಿಗೆ ಔಷಧ ಹೇಳಲು ಬಾರದೆ ಕೊಂದ ಎಂದು ಅವ್ವನೆದುರು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ಅಷ್ಟೇ. ಅವ್ವ ಬಾಗಿಲಿನಿಂದಲೇ, "ನಾ ಹೇಳಿದ್ದಿಲ್ಲೇನು?" ಎಂದು ಒಳಗೆ ಹೋದಳು.

ಆ ಸಂಜೆ ಹಾಲು ಕಾದು ಆರಿ ಹಾಗೇ ಇತ್ತು. ಯಾರೂ ಮುಟ್ಟಲಿಲ್ಲ. ಕೊನೆಗೆ ನಾನೇ ಹೆಪ್ಪು ಹಾಕಿದೆ. ಗದ್ವಾಲಿನಲ್ಲಿದ್ದಷ್ಟು ದಿನ ವಾರಕ್ಕೆ ಎರಡು ದಿನ ನಾನು, ಉಳಿದ ದಿನ ಅವ್ವ. ಮೂರನೇ ವರ್ಷ ನಾನು ರಿಟೈರ್ ಆಗಿ ಬಂದೆ, ಅದೇ ವರ್ಷ ಅವ್ವ ತೀರಿಕೊಂಡಳು. ಕೊನೆಯ ತಿಂಗಳಲ್ಲೂ ಸೊಸೆಯ ಕೈಯಿಂದ ಔಷಧ ಕುಡಿಯಲಿಲ್ಲ, ನಾನೇ ಕುಡಿಸಬೇಕಾಯಿತು. ಹೆಂಡತಿ ಲೋಟ ತಂದು ನನ್ನ ಕೈಗೆ ಕೊಟ್ಟು ಬಾಗಿಲಾಚೆ ನಿಲ್ಲುತ್ತಿದ್ದಳು. ಅದನ್ನೂ ನೋಡಿಕೊಂಡೇ ಇದ್ದೆ, ಕಲ್ಲಿನ ಹಾಗೆ.

ಕಳೆದ ವರ್ಷ ಅವಳು ಹಿತ್ತಲಿನಲ್ಲಿ ಜಾರಿ ಬಿದ್ದಳು. ಎಡ ಮುಂಗೈ ಮುರಿಯಿತು. ನಾರಾಯಣಪೇಟೆಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆ. ಹೊರಡುವಾಗ ನರ್ಸಮ್ಮ ಗುಳಿಗೆಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟು ತೆಲುಗಿನಲ್ಲಿ, "ಒಂಟ್ಲ ಸುನ್ನಂ ತಗ್ಗಿಂದಮ್ಮಾ. ಇವಿ ಸುನ್ನಂ ಗೋಲೀಲು, ರೋಜೂ ವೇಸ್ಕೋ" ಎಂದಳು. ಮೈಯಲ್ಲಿ ಸುಣ್ಣ ಕಡಿಮೆಯಾಗಿದೆ, ಇವು ಸುಣ್ಣದ ಗುಳಿಗೆ, ದಿನಾ ತಗೋ. ನನ್ನದೇ ಮಾತು, ಮೂವತ್ತು ವರ್ಷ ನಾನೇ ಆಡಿದ ಮಾತು. ಹೆಂಡತಿ ಪಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಂದು ಗುಳಿಗೆ ಒಡೆದು ತೆಗೆದಳು. ಬಾಯಿಗೆ ಹಾಕಿಕೊಂಡು ನುಂಗಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡಳು. ಎರಡು ಸ್ಟಾಪು ದಾಟಿದವು.

"ಇದು ಸುಡಂಗಿಲ್ಲಲ್ರಿ" ಎಂದಳು.

"ಇಲ್ಲ" ಎಂದೆ.

"ಅಜ್ಜಗ ನೀವು ಹೇಳಿದ್ದು ಇದs ಸುಣ್ಣನ?"

"ಹೂಂ."

ಅವಳು ಗುಳಿಗೆ ನುಂಗಿ, ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೈದಿದ್ದರೆ ಬದುಕುತ್ತಿದ್ದೆ. ಸಂಜೆ ನಾನು ಹಾಲು ಕಾಸಿ, ಆರಿಸಿ, ಪಾತ್ರೆಯನ್ನು ಅವಳ ಮುಂದೆ ತಂದಿಟ್ಟೆ. ಚಮಚವನ್ನೂ ಮಜ್ಜಿಗೆಯನ್ನೂ ಇಟ್ಟೆ. "ನೀನs ಹಾಕು. ನಿನ್ನ ಕೈಯಾಗ ಏನೂ ದೋಷ ಇಲ್ಲ. ತಪ್ಪು ನನ್ನ ಬಾಯಿದು. ಅವತ್ತs ನನಗ ಗೊತ್ತಾಗಿತ್ತು" ಎಂದೆ.

ಅವಳು ಪ್ಲಾಸ್ಟರ್ ಇಲ್ಲದ ಕೈಯನ್ನು ಮಡಿಲಿನಿಂದ ಎತ್ತಲಿಲ್ಲ.

"ಅತ್ತಿ ಇದ್ದಾಗs ಹೇಳಿದ್ರ ಆಗತಿತ್ತಲ್ರಿ" ಎಂದಳು. ಆಮೇಲೆ, "ನೀವs ಹಾಕ್ರಿ" ಎಂದಳು.

ಹಾಕಿದೆ. ಬೆಳಿಗ್ಗೆ ಮೊಸರು ಚೆನ್ನಾಗಿ ಗಟ್ಟಿಯಾಗಿತ್ತು.